ಏಳನೇ ಪಂದ್ಯದ ಗೋಲ್‌ಕೀಪರ್

ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಆಗುವುದಿಲ್ಲ. ಕೆಲವರಿಗೆ ಹಲ್ಲಿ ಕಂಡರೆ ಆಗದು, ಕೆಲವರಿಗೆ ಹೆಂಡತಿಯ ಅಣ್ಣನನ್ನು ಕಂಡರೆ ಆಗದು. ನನಗೆ ಖಾಲಿ ಕಾಲಂ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಅಂಟಿಕೊಂಡದ್ದು. ದೋಹಾದ ಒಂದು ಕಟ್ಟಡ ಕಂಪೆನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಎಂಜಿನಿಯರುಗಳು ಬರೆದ ನಕ್ಷೆ, ಪತ್ರ, ನಮೂನೆಗಳೆಲ್ಲ ನನ್ನ ಮೇಜಿನ ಮೇಲಿಂದ ಹಾದುಹೋಗುತ್ತವೆ. ಅವುಗಳಲ್ಲಿ ಒಂದು ಚೌಕ ಖಾಲಿ ಇದ್ದರೂ ಕನ್ಸಲ್ಟೆಂಟ್ ಸಾಹೇಬ ಇಡೀ ಕಟ್ಟನ್ನು ಹಿಂದಕ್ಕೆ ಕಳಿಸುತ್ತಾನೆ. ಹಾಗಾಗಿ ಏನೂ ಇಲ್ಲದಲ್ಲಿ ‘ಅನ್ವಯಿಸುವುದಿಲ್ಲ’ ಎಂದಾದರೂ ತುಂಬಿ, ‘ಪರಿಶೀಲಿಸಲಾಗಿದೆ’ ಎಂಬ ಮೊಹರು ಒತ್ತುವುದು ನನ್ನ ಕೆಲಸ. ಹತ್ತು ಹನ್ನೆರಡು ವರ್ಷ ಹೀಗೆ ಒತ್ತಿ ಒತ್ತಿ ಈ ಚಟ ಮನೆಗೂ ಬಂದಿದೆ. ಒಮ್ಮೆ ಮಗಳ ಶಾಲೆಯ ಅರ್ಜಿಯಲ್ಲಿ ‘ತಂದೆಯ ವಿಶೇಷ ಪ್ರತಿಭೆ’ ಎಂಬ ಕಾಲಂ ಇತ್ತು. ಖಾಲಿ ಬಿಟ್ಟರಾಯಿತು ಎಂದಳು ನನ್ನ ಹೆಂಡತಿ ವನಜ. ನನಗೆ ತಡೆಯಲಾಗಲಿಲ್ಲ, ‘ಫುಟ್‌ಬಾಲ್’ ಎಂದು ಬರೆದೆ. ಅವಳು ಓದಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ನಗು ಕೇಳಿಸಿತು.

ಈ ಚಟದಿಂದಲೇ ನಾನು ಒಬ್ಬ ಮನುಷ್ಯನನ್ನು ಹುಟ್ಟಿಸಿಬಿಟ್ಟೆ. ಅದನ್ನು ಹೇಳುವ ಮೊದಲು ಒಂದು ಹಗೆತನದ ಚರಿತ್ರೆ ಹೇಳಬೇಕು. ನಾವು ಓದುವ ಕಾಲದಲ್ಲಿ ಎರಡು ವಿಶ್ವವಿದ್ಯಾಲಯಗಳಿದ್ದವು. ಹೆಸರು ಹೇಳುವುದಿಲ್ಲ, ಹೇಳಿದರೆ ಎರಡೂ ಕಡೆಯ ಹಳೆ ವಿದ್ಯಾರ್ಥಿಗಳು ನನ್ನ ಮೇಲೆ ಬೀಳುತ್ತಾರೆ. ಒಂದು ಘಟ್ಟದ ಮೇಲಿನದು, ಇನ್ನೊಂದು ಘಟ್ಟದ ಕೆಳಗಿನದು. ಮೇಲಿನದಕ್ಕೆ ಕಲ್ಲಿನ ಕಂಬ, ಗಡಿಯಾರದ ಗೋಪುರ, ಕೋಟು ತೊಟ್ಟ ಪ್ರೊಫೆಸರುಗಳು. ನಮ್ಮದು ಕೆಳಗಿನದು, ಆಗಷ್ಟೇ ಎದ್ದದ್ದು, ಗೋಡೆಗೆ ಒರಗಿದರೆ ಅಂಗಿಗೆ ಸುಣ್ಣ ಹತ್ತುತ್ತಿತ್ತು. ವರ್ಷಕ್ಕೊಮ್ಮೆ ಎರಡಕ್ಕೂ ಫುಟ್‌ಬಾಲ್ ಪಂದ್ಯ, ಗೆದ್ದವರಿಗೆ ಒಂದು ಹಿತ್ತಾಳೆ ಗಿಂಡಿ. ಮೊದಲ ವರ್ಷವೇ ಜಗಳ. ಚೆಂಡು ಅವರ ಗೋಲಿನ ಒಳಗೆ ಬಿದ್ದಿತ್ತು, ಆದರೆ ಅದು ಬಲೆಯ ಪಕ್ಕದ ತೂತಿನಿಂದ ನುಗ್ಗಿದ್ದು ಎಂದು ಅವರ ವಾದ. ರೆಫ್ರಿಯಾಗಿದ್ದ ಸಸ್ಯಶಾಸ್ತ್ರದ ಮೇಷ್ಟ್ರು ಬಗ್ಗಿ ತೂತನ್ನು ನೋಡಿ, ಚೆಂಡು ಒಳಗಿದೆ ಎಂಬುದು ಸತ್ಯ, ಹೇಗೆ ಬಂತು ಎಂಬುದು ತನ್ನ ವಿಷಯವಲ್ಲ ಎಂದು ಗೋಲು ಕೊಟ್ಟರು. ಎರಡನೇ ವರ್ಷ ಮೇಲಿನವರು ತಮ್ಮದೇ ಬಲೆ ಹೊತ್ತು ತಂದರು. ಮೂರನೇ ವರ್ಷ ಅವರ ಬಲೆಗೆ ನಾವು ಒಪ್ಪಲಿಲ್ಲ, ಬಂದರಿನಿಂದ ಮೀನಿನ ಬಲೆ ತಂದು ಕಟ್ಟಿದೆವು. ಆ ವಾಸನೆಗೆ ಅವರ ಗೋಲ್‌ಕೀಪರ್ ಗೋಲಿನಿಂದ ಹತ್ತು ಹೆಜ್ಜೆ ಮುಂದೆಯೇ ನಿಂತುಕೊಂಡ, ಮೂರು ಗೋಲು ತಲೆಯ ಮೇಲಿಂದ ಹೋದವು. ಹೀಗೆ ಬಲೆಯಿಂದ ಬಲೆಗೆ ಹಗೆತನ ಬೆಳೆದು, ಹತ್ತನೇ ಪಂದ್ಯದ ಹೊತ್ತಿಗೆ ಆಟಗಾರರಿಗಿಂತ ಪೊಲೀಸರು ಹೆಚ್ಚಾದರು. ಪಂದ್ಯ ಅಲ್ಲಿಗೆ ನಿಂತಿತು.

ನಿಂತದ್ದು ಊರಿನಲ್ಲಿ ಮಾತ್ರ. ಅದರಲ್ಲಿ ಆಡಿದವರು, ಆಡದವರು ಕೆಲಸ ಹುಡುಕಿಕೊಂಡು ಕತಾರಿಗೆ ಬರುವಾಗ ಉಪ್ಪಿನಕಾಯಿ ಭರಣಿಯ ಜೊತೆ ಹಗೆತನವನ್ನೂ ಕಟ್ಟಿಕೊಂಡು ಬಂದರು. ದೋಹಾದಲ್ಲಿ ಎರಡು ಹಳೆ ವಿದ್ಯಾರ್ಥಿ ಸಂಘಗಳಾದವು, ಪ್ರತಿ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಪಂದ್ಯ ಮತ್ತೆ ಶುರುವಾಯಿತು. ಮೈದಾನ ಎಂದರೆ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನ ಹಿಂದಿನ ಬಯಲು, ಮಣ್ಣಿಗಿಂತ ಜಲ್ಲಿಯೇ ಹೆಚ್ಚು. ಗೋಲಿನ ಕಂಬಗಳು ಸ್ಕ್ಯಾಫೋಲ್ಡಿಂಗ್ ಪೈಪಿನವು, ಬಲೆ ಸೈಟಿನಲ್ಲಿ ಕಲ್ಲು ಬೀಳದಂತೆ ಕಟ್ಟುವ ಹಸಿರು ಬಲೆ. ನಮ್ಮವರಲ್ಲಿ ಮೂವರು ಸರ್ವೇಯರುಗಳಿದ್ದುದರಿಂದ ಗೆರೆಗಳನ್ನು ಮಾತ್ರ ಯಂತ್ರ ಇಟ್ಟು ಅಳೆದು ಎಳೆಯುತ್ತಿದ್ದೆವು. ಆಟ ಹೇಗಿದ್ದರೂ ಗೆರೆಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಇರುತ್ತಿರಲಿಲ್ಲ. ಹಿತ್ತಾಳೆ ಗಿಂಡಿಯ ಬದಲಿಗೆ ಇಲ್ಲಿಯ ಸೂಕಿನಿಂದ, ಎಂದರೆ ಹಳೆ ಪೇಟೆಯಿಂದ, ತಂದ ಉದ್ದ ಕೊಕ್ಕಿನ ಕಾಫಿ ಹೂಜಿ. ಮೇಲಿನವರ ನಾಯಕ ಮೈಸೂರಿನ ನಾಗರಾಜಯ್ಯನವರು, ಒಂದು ಕನ್ಸಲ್ಟೆನ್ಸಿಯಲ್ಲಿ ಎಂಜಿನಿಯರ್. ನಮ್ಮ ನಾಯಕ ಸದಾನಂದಣ್ಣ, ಮುಶೈರಿಬ್‌ನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟವನು. ಇಬ್ಬರೂ ಕಾಲೇಜು ದಿನಗಳಲ್ಲಿ ಎದುರಾಬದುರಾ ಆಡಿದವರು. ಈಗ ಇಬ್ಬರಿಗೂ ತಮ್ಮ ಬೂಟಿನ ಲೇಸು ಕಾಣಿಸುವುದಿಲ್ಲ, ನಡುವೆ ಹೊಟ್ಟೆ ಅಡ್ಡ ಬರುತ್ತದೆ.

ಆ ವರ್ಷ ಎರಡೂ ಸಂಘ ಸೇರಿ ಒಂದು ಸ್ಮರಣ ಸಂಚಿಕೆ ತರುವುದೆಂದಾಯಿತು. ಜಾಹೀರಾತು ತರುವ ಕೆಲಸಕ್ಕೆ ನೂಕುನುಗ್ಗಲಾಯಿತು, ಹತ್ತು ಪಂದ್ಯಗಳ ಚರಿತ್ರೆ ಬರೆಯುವ ಕೆಲಸ ಯಾರಿಗೂ ಬೇಡವಾಗಿ ನನಗೆ ಬಂತು. ನಾನು ಬಹಳ ಖುಷಿಯಿಂದ ಒಂದು ಪಟ್ಟಿ ಮಾಡಿದೆ. ಪಂದ್ಯ, ಫಲಿತಾಂಶ, ನಾಯಕರು, ಗೋಲು ಹೊಡೆದವರು, ಗೋಲ್‌ಕೀಪರುಗಳು. ಎಲ್ಲರಿಗೂ ಫೋನು ಮಾಡಿ ಒಂದೊಂದೇ ಚೌಕ ತುಂಬಿದೆ. ಕಡೆಗೆ ಒಂದೇ ಒಂದು ಉಳಿಯಿತು. ಏಳನೇ ಪಂದ್ಯ, ಸಮಸಮ, ನಮ್ಮ ಗೋಲ್‌ಕೀಪರ್ ಕಾಲು ಉಳುಕಿ ಹೊರಗೆ ಹೋದ ಮೇಲೆ ಕೊನೆಯ ಹದಿನೈದು ನಿಮಿಷ ಅವನ ಜಾಗದಲ್ಲಿ ನಿಂತವನು ಯಾರು?

ಇದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ನಿಂತವನು ನಾನೇ. ನಾನು ಆಟಗಾರನಲ್ಲ. ಕಿತ್ತಳೆ ಹೋಳುಗಳ ಬುಟ್ಟಿ ಹಿಡಿದುಕೊಂಡು, ಗೋಲಿನ ಲೆಕ್ಕ ಬರೆದುಕೊಳ್ಳಲು ತಂಡದ ಜೊತೆ ಹೋದವನು. ಬದಲಿ ಆಟಗಾರರು ಮುಗಿದಿದ್ದರು. ಸದಾನಂದಣ್ಣ ನನ್ನ ಭುಜ ಹಿಡಿದು ಮೈದಾನಕ್ಕೆ ದೂಡುತ್ತ, ‘ಹೋಗಿ ನಿಲ್ಲು ಮಾರಾಯ, ಈಗ ಯಾರಿದ್ದರೂ ಒಂದೇ’ ಎಂದಿದ್ದ. ಕೊನೆಯ ಗಳಿಗೆಯಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು, ಹೊಡೆಯಲು ಬಂದವರು ಇದೇ ನಾಗರಾಜಯ್ಯ. ನಾನು ಕಣ್ಣು ಮುಚ್ಚಿಕೊಂಡೆ. ಚೆಂಡನ್ನು ನಾನು ಹಿಡಿದೆ ಎನ್ನುವುದಕ್ಕಿಂತ ಚೆಂಡು ಬಂದು ನನ್ನನ್ನು ಹಿಡಿಯಿತು ಎನ್ನುವುದೇ ಸರಿ. ಎದೆಗೆ ಬಡಿದು ಕೆಡವಿತು, ನಾನು ಅದರ ಮೇಲೆಯೇ ಬಿದ್ದೆ. ಗಿಂಡಿ ನಮ್ಮಲ್ಲೇ ಉಳಿಯಿತು. ಎಲ್ಲರೂ ಕುಣಿಯುತ್ತ ಓಡಿದರು, ನಾನು ಉಸಿರು ಬಂದ ಮೇಲೆ ಎದ್ದು ಕಿತ್ತಳೆ ಸಿಪ್ಪೆ ಹೆಕ್ಕಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು. ಇಪ್ಪತ್ತೈದು ವರ್ಷ ಅದನ್ನು ನಾನಾಗಿ ಯಾರ ಬಳಿಯೂ ಹೇಳಲಿಲ್ಲ, ಯಾರಾದರೂ ತಾವಾಗಿ ಹೇಳಲಿ ಎಂದು ಕಾಯುತ್ತಿದ್ದೆ.

ಈಗ ಅವಕಾಶ ಬಂತು ಎಂದುಕೊಂಡು ಸದಾನಂದಣ್ಣನ ಅಂಗಡಿಗೆ ಹೋಗಿ, ಬೇರೆ ಏನೋ ಮಾತಾಡಿ, ಆಮೇಲೆ ಮೆಲ್ಲಗೆ ಆ ಕೊನೆಯ ಹದಿನೈದು ನಿಮಿಷ ಯಾರಿದ್ದದ್ದು ಎಂದು ಕೇಳಿದೆ. ಅವನು ಮೇಲೆ ನೋಡಿದ, ಫ್ಯಾನ್ ನೋಡಿದ, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ‘ಯಾರೋ ಒಬ್ಬ ಇದ್ದ, ನೆನಪಾಗುದಿಲ್ಲ’ ಎಂದ. ನಾಗರಾಜಯ್ಯನವರಿಗೆ ಫೋನು ಮಾಡಿದೆ. ತಾವು ಹೊಡೆದ ಒದೆಯ ವೇಗ, ಗಾಳಿಯ ದಿಕ್ಕು, ಬೂಟಿನ ಬ್ರ್ಯಾಂಡು ಎಲ್ಲ ಹೇಳಿದರು. ತಡೆದವನ ಮುಖ ಮಾತ್ರ ನೆನಪಿಲ್ಲವಂತೆ. ನನಗೆ ನಿಜವಾಗಿ ಬೇಜಾರಾಯಿತು. ನನ್ನ ಹೆಸರನ್ನು ನಾನೇ ಬರೆದುಕೊಳ್ಳಲು ನಾಚಿಕೆ, ಖಾಲಿ ಬಿಡಲು ಕೈ ಬರುವುದಿಲ್ಲ. ಅಚ್ಚಿಗೆ ಹೋಗುವ ದಿನ ಸಿಟ್ಟಿನಲ್ಲಿ ಆ ಚೌಕದಲ್ಲಿ ‘ವಾಮನ’ ಎಂದು ಬರೆದೆ. ಅಂಥವನು ಯಾರೂ ಇರಲಿಲ್ಲ. ಚೌಕ ಸಣ್ಣದಿತ್ತು, ಮೂರಕ್ಷರದ ಹೆಸರು ಬೇಕಿತ್ತು ಅಷ್ಟೆ. ನನ್ನ ಹೆಸರು ಜನಾರ್ದನ, ಹೇಗೂ ಅದರಲ್ಲಿ ಹಿಡಿಯುತ್ತಿರಲಿಲ್ಲ. ಮೂರು ಹೆಜ್ಜೆ ಜಾಗ ಕೇಳಿ ಬಂದವನ ಹೆಸರನ್ನು ಇಡಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಸಂಚಿಕೆ ಬಿಡುಗಡೆಯಾದದ್ದು ಡಿಸೆಂಬರಿನ ಒಂದು ಶುಕ್ರವಾರ, ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ, ಊಟದ ಜೊತೆಗೆ. ನಾನು ಪಾಯಸದ ಲೋಟ ಹಿಡಿದು, ಯಾರಾದರೂ ಬಂದು ‘ಇದ್ಯಾರು ವಾಮನ?’ ಎಂದು ಜಗಳ ತೆಗೆಯಲಿ ಎಂದು ಕಾದೆ. ಜಗಳವಾದರೆ ನಿಜ ಹೊರಗೆ ಬರುತ್ತದಲ್ಲ. ಮೊದಲು ಬಂದವನು ಸದಾನಂದಣ್ಣ. ಸಂಚಿಕೆಯ ಆ ಪುಟದ ಮೇಲೆ ಬೆರಳಿಟ್ಟು, ‘ವಾಮನ! ಹೌದಾ ಮಾರಾಯ, ಅವನೇ. ನಾಲಗೆ ತುದಿಯಲ್ಲಿತ್ತು ನನಗೆ. ಗಿಡ್ಡ ಜನ. ಕೆಂಪು ಬೈರಾಸು ತಂದು ಗೋಲಿನ ಕಂಬಕ್ಕೆ ಕಟ್ಟುತ್ತಿದ್ದ’ ಎಂದ. ನಾನು ನಕ್ಕೆ. ತನಗೆ ನೆನಪಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಒಂದು ಬೈರಾಸು ಹುಟ್ಟಿಸುವುದು ಸುಲಭ, ನಾನೇ ಮನುಷ್ಯನನ್ನು ಹುಟ್ಟಿಸಿದವನು, ಆಕ್ಷೇಪಿಸಲು ನಾನು ಯಾರು ಎಂದುಕೊಂಡೆ. ಕೈ ತೊಳೆಯುವ ಜಾಗದಲ್ಲಿ ನಾಗರಾಜಯ್ಯನವರು ಸಿಕ್ಕರು. ಅವರು ಆ ತನಕ ಸದಾನಂದಣ್ಣನ ಜೊತೆ ಮಾತಾಡಿಯೇ ಇರಲಿಲ್ಲ. ಎರಡು ಸಂಘದವರು ಎರಡು ಕಡೆ ಕೂತು ಉಣ್ಣುವುದು ನಮ್ಮ ಪದ್ಧತಿ.

‘ನೋಡಿ ಜನಾರ್ದನ್ ಅವ್ರೇ, ಆ ವಾಮನ ಅಂತ ಬರ್ದಿದೀರಲ್ಲ,’ ಎಂದರು ಅವರು, ಕೈ ಒರೆಸಿಕೊಳ್ಳುತ್ತ. ‘ಓದಿದ ಕೂಡ್ಲೆ ಕಣ್ಮುಂದೆ ಬಂದುಬಿಟ್ಟ ಕಣ್ರೀ. ಕುಳ್ಳಗಿದ್ದ. ಕಂಬಕ್ಕೆ ಒಂದು ಕೆಂಪು ಟವೆಲ್ ಕಟ್ಟಿದ್ದ. ನಾನು ಚೆಂಡು ಇಡ್ತಾ ಇದ್ದೆ, ಅವ್ನು ತನ್ನ ಕಡೆಯೋರಿಗೆ ಮೆಲ್ಲಗೆ, ಹೆದರ್ಬೇಡಿ, ನಾನಿದ್ದೇನಲ್ಲ ಅಂದ. ಆ ಧ್ವನಿ ಕೇಳಿ ನನ್ನ ಕಾಲು ತಣ್ಣಗಾಯ್ತು.’

ತಣ್ಣಗಾದದ್ದು ನನ್ನ ಕಾಲು. ಬೈರಾಸಿನ ಸಂಗತಿ ಸಂಚಿಕೆಯಲ್ಲಿ ಇರಲಿಲ್ಲ. ಬರೆದವನು ನಾನು, ತಿದ್ದಿದವನು ನಾನು, ಮೊಹರು ಒತ್ತಿದವನೂ ನಾನು. ನಾನು ನಿಂತ ಗೋಲಿನ ಕಂಬದಲ್ಲಿ ತುಕ್ಕು ಬಿಟ್ಟರೆ ಏನೂ ಇರಲಿಲ್ಲ, ಮತ್ತು ನಾನು ಯಾರಿಗೂ ಧೈರ್ಯ ಹೇಳುವ ಸ್ಥಿತಿಯಲ್ಲಿರಲಿಲ್ಲ, ಮನೆದೇವರನ್ನು ಕರೆಯುತ್ತಿದ್ದೆ. ಆ ದಿನ ಊಟ ಮುಗಿಯುವುದರೊಳಗೆ ಇನ್ನೂ ಇಬ್ಬರು ಬಂದು ವಾಮನನ ಸುದ್ದಿ ಹೇಳಿದರು, ಇಬ್ಬರ ಸುದ್ದಿಯಲ್ಲೂ ಕೆಂಪು ಬಟ್ಟೆ ಇತ್ತು. ಮನೆಗೆ ಬಂದು ವನಜಳಿಗೆ ಎಲ್ಲ ಹೇಳಿದೆ. ಹಳೆಯ ಪೆನಾಲ್ಟಿಯ ವಿಷಯವನ್ನು ಅವಳಿಗೂ ಮೊದಲ ಸಲ ಹೇಳಿದ್ದು ಆಗಲೇ. ಅವಳು ಕೇಳಿದ ರೀತಿ ನೋಡಿದರೆ ಶಾಲೆಯ ಅರ್ಜಿ ಓದಿದ ದಿನದ ಮುಖವೇ. ಮಗಳು ಮಾತ್ರ ಸಂಚಿಕೆ ತಿರುವುತ್ತ, ‘ಅಪ್ಪ, ವಾಮನ ಅಂಕಲ್ ರಿಯಲ್ಲಾ, ಸ್ಟೋರಿಯಾ?’ ಎಂದು ಗಂಭೀರವಾಗಿ ಕೇಳಿದಳು. ಸ್ಟೋರಿ ಎಂದೆ. ಮತ್ತೆ ಎಲ್ಲ ಅಂಕಲ್‌ಗಳಿಗೂ ಹೇಗೆ ಗೊತ್ತು ಎಂದಳು. ಹೋಮ್‌ವರ್ಕ್ ಮಾಡು ಎಂದೆ.

ಒಂದು ವಾರದ ಮೇಲೆ ನಾಗರಾಜಯ್ಯನವರಿಂದ ಒಂದು ಇಮೇಲ್ ಬಂತು. ಮೈಸೂರಿನಲ್ಲಿರುವ ಅವರ ತಮ್ಮ, ಹಳೆ ಪೆಟ್ಟಿಗೆಯಿಂದ ಏಳನೇ ಪಂದ್ಯದ ಫೋಟೋ ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿದ್ದ. ನನಗೆ ಆ ಫೋಟೋ ತೆಗೆದದ್ದು ಚೆನ್ನಾಗಿ ನೆನಪಿದೆ. ಎರಡೂ ತಂಡ ಸಾಲಾಗಿ ನಿಂತಿದ್ದವು, ಬಲಗಡೆಯ ತುದಿಯಲ್ಲಿ ಸದಾನಂದಣ್ಣ, ಅವನ ಪಕ್ಕದಲ್ಲಿ ಕಿತ್ತಳೆ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ನಾನು. ಅಂತೂ ಸಾಕ್ಷಿ ಸಿಕ್ಕಿತು ಎಂದು ಆಫೀಸಿನಲ್ಲೇ ಚಿತ್ರ ತೆರೆದೆ. ಸಾಲು ಇತ್ತು, ಸದಾನಂದಣ್ಣ ಇದ್ದ, ಬುಟ್ಟಿಯೂ ಇತ್ತು. ಬುಟ್ಟಿಯ ಹಿಂದೆ ನಿಂತವನು ಸದಾನಂದಣ್ಣನ ಭುಜಕ್ಕೆ ಬರುತ್ತಿದ್ದ. ನಾನು ಸದಾನಂದಣ್ಣನಿಗಿಂತ ಒಂದು ಗೇಣು ಎತ್ತರ. ಹೆಗಲ ಮೇಲೆ ಒಂದು ಬೈರಾಸು. ಫೋಟೋ ಕಪ್ಪು ಬಿಳುಪು, ಬಣ್ಣ ಹೇಳಲಾಗದು. ಕ್ಲಿಕ್ಕಿಸುವ ಗಳಿಗೆಯಲ್ಲಿ ತಲೆ ಅಲ್ಲಾಡಿಸಿದ್ದರಿಂದ ಮುಖ ಕಲಸಿ ಹೋಗಿತ್ತು, ಎಷ್ಟು ದೊಡ್ಡದು ಮಾಡಿದರೂ ಬೂದಿ ಬಣ್ಣದ ಚುಕ್ಕಿಗಳೇ. ಸಂಜೆ ಪ್ರಿಂಟ್ ತಂದು ವನಜಳಿಗೆ ತೋರಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಈ ಸಲ ನಗಲಿಲ್ಲ. ‘ಬುಟ್ಟಿ ನಿಮ್ಮದೇ ಇರ್ಬಹುದು, ಮನುಷ್ಯ ನೀವಲ್ಲ’ ಎಂದಳು.

ನಮ್ಮ ಕಟ್ಟಡದ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ನಾವಿರುವುದು ಮುಶೈರಿಬ್‌ನ ಹಳೆಯ ಮೂರು ಮಹಡಿಯ ಕಟ್ಟಡದಲ್ಲಿ. ಆ ಪ್ರದೇಶವನ್ನೆಲ್ಲ ಕೆಡವಿ ಹೊಸದಾಗಿ ಕಟ್ಟುತ್ತಾರಂತೆ, ಒಂದೊಂದೇ ಸಂಸಾರ ಖಾಲಿ ಮಾಡುತ್ತಿತ್ತು. ಖಾಲಿಯಾದ ಮನೆಯ ಬಾಗಿಲಿಗೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಹೋಗುತ್ತಾರೆ. ಕೆಳಗಿನ ಟೈಲರ್ ಹೋದ, ಎದುರಿನ ಮಲಯಾಳಿ ನರ್ಸ್ ಹೋದಳು, ಮೆಟ್ಟಿಲಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗೇ ಬೇರೆಯವರದ್ದಾಗಿ ಕೇಳತೊಡಗಿತು. ಶುಕ್ರವಾರ ಮಧ್ಯಾಹ್ನವಂತೂ, ಅಂಗಡಿಗಳೆಲ್ಲ ಮುಚ್ಚಿ ಜನ ಮಸೀದಿಗೆ ಹೋದ ಹೊತ್ತಿನಲ್ಲಿ, ಹೊರಗೆ ಬಿಳಿ ಬಿಸಿಲು, ಒಳಗೆ ಫ್ರಿಜ್ಜಿನ ಗುರುಗುರು, ಅಷ್ಟೆ. ಪಂದ್ಯಕ್ಕೆ ಒಂದು ವಾರವಿದ್ದಾಗ ಅಂಥ ಒಂದು ಶುಕ್ರವಾರ ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದೆ, ಮನೆಯ ಫೋನು ಹೊಡೆಯಿತು. ಹೊರಗೆ ಬಂದಾಗ ವನಜ ರಿಸೀವರ್ ಕೆಳಗಿಟ್ಟು ಅದನ್ನೇ ನೋಡುತ್ತಿದ್ದಳು.

‘ಯಾರೋ ವಾಮನ ಅಂತೆ,’ ಎಂದಳು. ‘ಒಳ್ಳೆ ಮಾತಿನ ಜನ, ನಮ್ಮ ಕಡೆಯದ್ದೇ ಭಾಷೆ. ಹೆಸರು ಹಾಕಿದ್ದಕ್ಕೆ ಉಪಕಾರ ಆಯ್ತು, ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ ಅಂತ ಹೇಳಿ ಅಂದ್ರು. ಮತ್ತೆ ಪಂದ್ಯದ ದಿವಸ ನೀವು ಹೆದರ್ಬಾರ್ದಂತೆ. ಅವರಿದ್ದಾರಂತಲ್ಲ.’

ಇದು ಸದಾನಂದಣ್ಣನ ಕುಚೋದ್ಯ ಎಂದು ನನಗೆ ಆ ಕೂಡಲೇ ಹೊಳೆಯಿತು. ಬಟ್ಟೆ ಹಾಕಿಕೊಂಡವನೇ ಅವನ ಮನೆಗೆ ಹೋದೆ. ಅವನು ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಮಲಗಿದ್ದ, ಬೆಳಗ್ಗಿನಿಂದ ಬಾಯಿ ತೆರೆದಿಲ್ಲವೆಂದು ಅವನ ಹೆಂಡತಿಯೇ ಹೇಳಿದಳು. ನಾಗರಾಜಯ್ಯನವರು ಆ ಹೊತ್ತಿಗೆ ಲುಸೈಲ್ ಕಡೆ ಸೈಟಿನಲ್ಲಿದ್ದರು, ಮತ್ತು ಅವರಿಗೆ ಕರಾವಳಿಯವರ ಹಾಗೆ ಮಾತಾಡಲು ಬರುವುದಿಲ್ಲ, ಬಂದರೂ ಮರ್ಯಾದೆಗೆ ಕಡಿಮೆ ಎಂದು ಮಾತಾಡುವುದಿಲ್ಲ. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ನಾನು ಇಪ್ಪತ್ತೈದು ವರ್ಷ ಬಾಯಿ ಮುಚ್ಚಿ ಕಾದದ್ದು ಅವನಿಗೆ ಮೂರಕ್ಷರದಲ್ಲಿ ಸಿಕ್ಕಿತ್ತು. ನನ್ನ ಪೆನಾಲ್ಟಿ ಹೋಯಿತು, ಫೋಟೋದಲ್ಲಿ ನಿಂತ ಜಾಗ ಹೋಯಿತು, ಈಗ ನನ್ನ ಮನೆಗೇ ಫೋನು ಮಾಡಿ ನನ್ನ ಹೆಂಡತಿಯ ಬಾಯಲ್ಲಿ ಒಳ್ಳೆ ಮಾತಿನ ಜನ ಎನ್ನಿಸಿಕೊಂಡಿದ್ದಾನೆ. ನನಗೆ ಆ ಸರ್ಟಿಫಿಕೇಟು ಇನ್ನೂ ಬಂದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಮಂಜು. ದೋಹಾದಲ್ಲಿ ಮಂಜು ಎಂದರೆ ಊರವರು ನಂಬುವುದಿಲ್ಲ. ಜನವರಿಯಲ್ಲಿ ಕೆಲವು ದಿನ ಕಡಲಿನಿಂದ ಎದ್ದು ಬಂದು ಕ್ರೇನುಗಳನ್ನೆಲ್ಲ ಬುಡದಿಂದಲೇ ಅಳಿಸಿಬಿಡುತ್ತದೆ. ಇಂಡಸ್ಟ್ರಿಯಲ್ ಏರಿಯಾದ ತನಕ ಕಾರು ತೆವಳಿಸಿಕೊಂಡು ಹೋದೆ. ಮೈದಾನದ ಈ ಗೋಲಿನಿಂದ ನೋಡಿದರೆ ಆ ಗೋಲಿಲ್ಲ, ನಡುವಿನ ವೃತ್ತವೂ ಇಲ್ಲ. ಮಾತು ಕೇಳುತ್ತದೆ, ಆಡಿದವರು ಕಾಣುವುದಿಲ್ಲ. ಮುಂದೂಡೋಣ ಎಂದು ಯಾರೋ ಹೇಳಿದರು, ಆದರೆ ಮೈದಾನ ಸಿಕ್ಕಿದ್ದು ಹತ್ತು ಗಂಟೆಯವರೆಗೆ ಮಾತ್ರ, ಆಮೇಲೆ ಅಲ್ಲಿ ಲಾರಿಗಳು ನಿಲ್ಲುತ್ತವೆ. ರೆಫ್ರಿ ಒಬ್ಬ ಮಲಯಾಳಿ ಸೇಫ್ಟಿ ಆಫೀಸರ್, ಎರಡೂ ಕಡೆಯವರನ್ನು ಸಮನಾಗಿ ನಂಬದವನು. ದಿನವೂ ಬಸ್ಸಿನ ಬಾಗಿಲಲ್ಲಿ ನಿಂತು ಕೆಲಸಗಾರರ ತಲೆ ಎಣಿಸಿ ಅಭ್ಯಾಸವಾದವನು. ಯಲ್ಲಾ, ಶುರು ಮಾಡಿ ಎಂದ. ಆಗ ಗೊತ್ತಾಯಿತು, ನಮ್ಮ ಗೋಲ್‌ಕೀಪರ್ ಬಂದಿಲ್ಲ. ಅಲ್ ಖೋರ್‌ನಿಂದ ಬರಬೇಕಾದವನು, ಮಂಜಿನಲ್ಲಿ ಎಲ್ಲೋ ಸಿಕ್ಕಿಬಿದ್ದಿದ್ದಾನೆ. ಸದಾನಂದಣ್ಣ ಸುತ್ತ ನೋಡಿದ. ನನ್ನ ಕೈಯಲ್ಲಿ ಪಟ್ಟಿ, ಪೆನ್ನು, ಕಾಲ ಬಳಿ ಕಿತ್ತಳೆ ಪೆಟ್ಟಿಗೆ.

‘ಜನಾರ್ದನ, ನೀನು ಹೋಗಿ ನಿಲ್ಲು ಮಾರಾಯ,’ ಎಂದ. ‘ಈ ಮಂಜಿನಲ್ಲಿ ಯಾರಿದ್ದರೂ ಒಂದೇ.’

ಗ್ಲೌಸು ಸಿಕ್ಕಿಸಿಕೊಂಡು ಗೋಲಿಗೆ ಹೋದವನಿಗೆ ಮೊದಲು ಕಂಡದ್ದು ಎಡಗಡೆಯ ಪೈಪಿಗೆ ಕಟ್ಟಿದ ಕೆಂಪು ಬೈರಾಸು. ಮಂಜಿಗೆ ನೆನೆದು ತೊಟ್ಟಿಕ್ಕುತ್ತಿತ್ತು. ಸದಾನಂದಣ್ಣ ತಮಾಷೆಗೆ ಕಟ್ಟಿರಬೇಕು ಎಂದು ಬಿಚ್ಚಲು ಹೋದೆ. ಗಂಟು ಎಷ್ಟು ಹಳೆಯದಾಗಿ ಬಿಗಿದುಕೊಂಡಿತ್ತೆಂದರೆ ಗ್ಲೌಸಿನ ಬೆರಳಿಗೆ ಬಗ್ಗಲಿಲ್ಲ. ಆಟ ಆ ತುದಿಯಲ್ಲೇ ನಡೆಯುತ್ತಿತ್ತು. ಸೀಟಿ ಕೇಳುತ್ತಿತ್ತು, ಬೂಟಿನಡಿಯ ಜಲ್ಲಿ ಕೇಳುತ್ತಿತ್ತು, ಆಗಾಗ ಖಾಲಿ ಡಬ್ಬ ಒದ್ದ ಹಾಗೆ ಚೆಂಡಿನ ಸದ್ದು. ನನ್ನ ಸುತ್ತ ಹತ್ತು ಹೆಜ್ಜೆ ಜಾಗ ಬಿಟ್ಟರೆ ಎಲ್ಲ ಬಿಳಿ. ಅಲ್ಲಿ ಒಬ್ಬನೇ ನಿಂತಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ, ಹೆದರಿಕೆ ಇದ್ದದ್ದೇ ಆ ಕಾರಣಕ್ಕೆ. ಪಕ್ಕದಲ್ಲಿ ಯಾರೋ ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ನಿಂತು ಉಸಿರಾಡುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ. ತಿರುಗಿದರೆ ಏನು ಮಾತಾಡುವುದು ಎಂದು ಗೊತ್ತಿರಲಿಲ್ಲ. ‘ಎಲ್ಲಿ ಕೆಲಸ?’ ಎಂದು ಕೇಳಲಾಗುತ್ತದೆಯೇ?

ಎರಡೂ ಕಡೆ ಒಂದೊಂದು ಗೋಲಾಗಿತ್ತು, ನನ್ನ ಗೋಲಿಗೆ ಬಿದ್ದದ್ದು ನನಗೆ ಕಾಣಲೇ ಇಲ್ಲ, ಬಲೆ ಅಲ್ಲಾಡಿದ ಮೇಲೆ ಗೊತ್ತಾಯಿತು. ಮುಗಿಯಲು ಎರಡು ನಿಮಿಷವಿದ್ದಾಗ ನಮ್ಮವನೊಬ್ಬ ಚೆಂಡೆಂದು ತಿಳಿದು ಎದುರಿನವರ ಕಾಲು ಒದ್ದ. ಪೆನಾಲ್ಟಿ. ಹೊಡೆಯಲು ನಾಗರಾಜಯ್ಯನವರೇ ಬಂದರು, ಹಳೆಯ ಸೇಡು ಎಂದು ಹೇಳಿಕೊಂಡೇ ಬಂದರು. ಚೆಂಡು ಇಟ್ಟು, ಓಡಿ ಬರಲು ಹಿಂದೆ ಹಿಂದೆ ಹೋಗಿ ಮಂಜಿನಲ್ಲಿ ಮರೆಯಾದರು. ನನಗೆ ಚೆಂಡು ಮಾತ್ರ ಕಾಣುತ್ತಿತ್ತು, ಒದೆಯುವವರಿಲ್ಲ. ಜಲ್ಲಿಯ ಸದ್ದು ಹತ್ತಿರವಾಯಿತು. ಆಗ ನನ್ನ ಎಡಗಿವಿಯ ಪಕ್ಕದಲ್ಲಿ, ಸಮಾಧಾನದ ಧ್ವನಿಯಲ್ಲಿ, ‘ಹೆದರ್ಬೇಡಿ, ನಾನಿದ್ದೇನಲ್ಲ’ ಎಂದದ್ದು ಕೇಳಿಸಿತು.

ನಾನು ಹೆದರಿ ಬಲಕ್ಕೆ ಬಿದ್ದೆ. ಹಾರಿದೆ ಎಂದು ಆಮೇಲೆ ಎಲ್ಲರೂ ಹೇಳಿದರು, ನಾನು ತಿದ್ದಲಿಲ್ಲ. ಚೆಂಡು ಹೋದದ್ದು ಎಡಕ್ಕೆ. ಅದು ಹೋಗುವುದನ್ನು ನೆಲದ ಮೇಲೆ ಮಲಗಿ ನಾನೇ ನೋಡಿದೆ, ಬೈರಾಸು ಕಟ್ಟಿದ ಕಂಬದ ಬುಡಕ್ಕೆ ನೇರವಾಗಿ. ಕಂಬಕ್ಕೆ ತಾಗಿದ್ದರೆ ಪೈಪು ಠಣ್ ಎನ್ನಬೇಕು. ಎನ್ನಲಿಲ್ಲ. ಎರಡು ಅಂಗೈಗಳಿಗೆ ಚೆಂಡು ಬಡಿದಾಗ ಬರುತ್ತದಲ್ಲ, ಆ ಮೆತ್ತಗಿನ ಸದ್ದು ಬಂತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಿಳಿಯ ಒಳಗಿನಿಂದ ಚೆಂಡು ಮೆಲ್ಲಗೆ ಉರುಳುತ್ತ ಬಂದು, ಯಾರೋ ಜೋಪಾನವಾಗಿ ತಂದುಕೊಟ್ಟ ಹಾಗೆ, ನನ್ನ ಎದೆಯ ಬಳಿ ನಿಂತಿತು. ನಾನು ಅದನ್ನು ತಬ್ಬಿಕೊಂಡೆ. ಬೇರೆ ಏನು ಮಾಡಲು ಸಾಧ್ಯವಿತ್ತು ನೀವೇ ಹೇಳಿ.

ಮಂಜಿನೊಳಗಿಂದ ಮೊದಲು ಓಡಿ ಬಂದವನು ಸದಾನಂದಣ್ಣ. ನಾನು ಚೆಂಡು ತಬ್ಬಿ ಬಿದ್ದದ್ದನ್ನು ನೋಡಿ, ಮೊಣಕಾಲು ಊರಿ ಕೂತು, ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ‘ಜನಾರ್ದನ, ನೀನು ಹೀಗೆ ಬಿದ್ದದ್ದು ನಾನು ಮೊದಲು ಎಲ್ಲೋ ನೋಡಿದ್ದೇನಲ್ಲ ಮಾರಾಯ’ ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಉಳಿದವರು ಬಂದು ನನ್ನನ್ನು ಎತ್ತಿ ಕುಣಿಸಿದರು. ಸಮಸಮವಾದ್ದರಿಂದ ಹೋದ ವರ್ಷ ಗೆದ್ದ ನಮ್ಮಲ್ಲೇ ಹೂಜಿ ಉಳಿಯಿತು. ನಾಗರಾಜಯ್ಯನವರು ಕೈ ಕುಲುಕಿ, ಎರಡು ಜನ್ಮದಲ್ಲೂ ತಮ್ಮನ್ನು ಗೋಲ್‌ಕೀಪರೇ ಹಾಳು ಮಾಡಿದ್ದು ಎಂದರು. ಕಡೆಗೆ ರೆಫ್ರಿ ನನ್ನ ಹತ್ತಿರ ಬಂದು ಹಿಂದಿಯಲ್ಲಿ, ನಿಮ್ಮ ಕಡೆಯವರನ್ನು ಎರಡು ಸಲ ಎಣಿಸಿದೆ, ಎರಡು ಸಲವೂ ಹನ್ನೆರಡು ಬಂತು, ಆ ಗಿಡ್ಡ ಮನುಷ್ಯ ಮೊದಲೇ ಹೊರಟುಹೋದನೇ ಎಂದು ಕೇಳಿದ. ಮಂಜಿಗೆ ಲೆಕ್ಕ ತಪ್ಪಿರಬೇಕು ಎಂದೆ. ತನಗೆ ತಲೆ ಎಣಿಕೆ ತಪ್ಪಿದ್ದೇ ಇಲ್ಲವೆಂದು ಅವನು ಬೇಸರಪಟ್ಟುಕೊಂಡು ಹೋದ. ತಿರುಗಿ ನೋಡಿದರೆ ಕಂಬದಲ್ಲಿ ಬೈರಾಸು ಇರಲಿಲ್ಲ, ಅದು ಇದ್ದ ಜಾಗದ ಕೆಳಗೆ ಜಲ್ಲಿ ಮಾತ್ರ ಒದ್ದೆಯಾಗಿತ್ತು.

ಪಂದ್ಯದ ವರದಿ ಬರೆಯುವ ಕೆಲಸವೂ ನನಗೇ ಬಂತು. ಶನಿವಾರ ಆಫೀಸಿನಲ್ಲಿ ಪಟ್ಟಿ ಎದುರಿಗಿಟ್ಟುಕೊಂಡು ಕೂತೆ. ಪೆನಾಲ್ಟಿ ತಡೆದವರು, ಒಂದು ಚೌಕ, ಖಾಲಿ. ನಾನು ಹಿಡಿದದ್ದು ಅವನ ಹೆಸರಿನಲ್ಲಿದೆ, ಅವನು ಹಿಡಿದದ್ದಕ್ಕೆ ಜನ ನನ್ನನ್ನು ಹೊತ್ತು ಕುಣಿದಿದ್ದಾರೆ. ನಿಜ ಬರೆಯಬೇಕೆಂದರೆ ಎರಡು ಪಂದ್ಯದ ಚೌಕವನ್ನೂ ಅದಲುಬದಲು ಮಾಡಬೇಕು, ಮಾಡಿದರೆ ಕಾರಣದ ಕಾಲಮ್ಮಿನಲ್ಲಿ ಏನು ತುಂಬುವುದು? ಅರ್ಧ ಗಂಟೆ ನನ್ನ ಆತ್ಮಸಾಕ್ಷಿಯ ಜೊತೆ ಹೋರಾಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಐದು ನಿಮಿಷವೂ ಆಗಲಿಲ್ಲ. ಚೌಕವನ್ನು ಸ್ವಲ್ಪ ಅಗಲ ಮಾಡಿ ‘ಜನಾರ್ದನ’ ಎಂದು ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ಮೊಹರು ಒತ್ತಿದೆ. ಮನೆಗೆ ತಂದು ತೋರಿಸಿದಾಗ ವನಜ ಓದಿ, ನಿನ್ನೆ ಬೆಳಿಗ್ಗೆ ಮನೆಯಿಂದ ಹೋದದ್ದು ನೀವೇ ಎಂದು ನಾನು ಸಾಕ್ಷಿ ಹೇಳಬಲ್ಲೆ, ಮಂಜಿನಲ್ಲಿ ನಿಂತವರು ಯಾರೋ ನನಗೆ ಗೊತ್ತಿಲ್ಲ ಎಂದಳು.

ಈಗ ಮತ್ತೆ ಜನವರಿ ಹತ್ತಿರ ಬಂದಿದೆ. ಹೋದ ವರ್ಷದ ಹೀರೊ ಎಂದು ಈ ಸಲ ನನ್ನನ್ನೇ ಮೊದಲಿನಿಂದ ಗೋಲ್‌ಕೀಪರ್ ಮಾಡಿದ್ದಾರೆ. ನಾಗರಾಜಯ್ಯನವರು ದಿನವೂ ಸಂಜೆ ಪೆನಾಲ್ಟಿ ಅಭ್ಯಾಸ ಮಾಡುತ್ತಿದ್ದಾರೆಂದು ಸುದ್ದಿ. ಇದರ ನಡುವೆ ನಮ್ಮ ಬಾಗಿಲಿಗೂ ಕೆಂಪು ಗೆರೆ ಬೀಳುವ ದಿನ ಬಂತು, ಇನ್ನು ಹತ್ತು ದಿನದಲ್ಲಿ ಖಾಲಿ ಮಾಡಬೇಕು. ಫೋನಿನವರನ್ನು ವಿಚಾರಿಸಿದೆ, ಈ ನಂಬರು ಹೊಸ ಮನೆಗೆ ಬರುವುದಿಲ್ಲವಂತೆ, ಖಲಾಸ್ ಎಂದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ಒಂದು ವರ್ಷದ ಹಿಂದೆ ಅವನು ಫೋನು ಮಾಡಿದನೆಂದು ನಡುಗಿದವನು ಈಗ ಶುಕ್ರವಾರ ಮಧ್ಯಾಹ್ನ ಸ್ನಾನಕ್ಕೂ ಹೋಗದೆ ಫೋನಿನ ಪಕ್ಕ ಕೂತಿರುತ್ತೇನೆ. ಈ ವರ್ಷವೂ ಸಂಚಿಕೆ ತರುತ್ತಿದ್ದೇವೆ, ಸಂಪಾದಕ ನಾನೇ. ಅದರ ಕೊನೆಯ ಪುಟದಲ್ಲಿ ಸಂಪಾದಕರ ವಿಳಾಸ ಎಂಬ ಕಾಲಂ ಹಾಕಿಸಿ, ನಮ್ಮ ಹೊಸ ನಂಬರನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಅಷ್ಟು ದೊಡ್ಡದು ಯಾಕೆ ಎಂದು ಸದಾನಂದಣ್ಣ ಕೇಳಿದ. ಜಾಗ ಖಾಲಿ ಇತ್ತು ಎಂದೆ. ವನಜಳಿಗೆ ಮಾತ್ರ ನಿಜ ಹೇಳಿದ್ದೇನೆ: ಆ ಒಳ್ಳೆ ಮಾತಿನ ಜನ ಮತ್ತೆ ಫೋನು ಮಾಡಿದರೆ ಇಡಬೇಡ, ಊಟ ಆಯಿತಾ ಎಂದು ಕೇಳಿ, ಆ ಶುಕ್ರವಾರ ಅವರಿಗೆ ಬಿಡುವಿದೆಯಾ ಎಂದು ವಿಚಾರಿಸು.